ಪಕ್ಕದ ಮನೆಯವಳ ಅಣ್ಣನ ಕಿವಿ

ನಿಮ್ಮ ಅಣ್ಣ ಸುಳ್ಳು ಹೇಳುತ್ತಿದ್ದಾನೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ? ಕಣ್ಣು ನೋಡುತ್ತೀರಾ? ಅಯ್ಯೋ, ಜಾಣರು! ಲಂಡನ್ನಿನ ಪಿನ್ನರಿನಲ್ಲಿ ನಮ್ಮ ಪಕ್ಕದ ಮನೆಯವಳು ಕಿವಿ ನೋಡುತ್ತಿದ್ದಳು.

ಆಕೆ ಇರಾನಿನ ಯೆಹೂದಿ. ಗಂಡ ಹೋದ ಮೇಲೆ ಒಬ್ಬಳೇ. ನಾನು ಧಾರವಾಡದಿಂದ ಬಂದು ಮಗಳ ಮನೆಯಲ್ಲಿ ಉಳಿದವಳು. ಇಬ್ಬರದೂ ಮುರುಕು ಇಂಗ್ಲಿಷ್. ಇಲ್ಲಿ ಬರೆಯುವಾಗ ಆಕೆಯ ಬಾಯಿಗೂ ನಮ್ಮ ಊರಿನ ಮಾತನ್ನೇ ಹಾಕಿದ್ದೇನೆ. ಆಕೆಗೆ ಕನ್ನಡ ಓದಲು ಬಾರದ್ದರಿಂದ ಜಗಳಕ್ಕೆ ಬರಲಾರಳು.

ಶುಕ್ರವಾರ ನಮ್ಮಿಬ್ಬರಿಗೂ ದೀಪದ ದಿನ. ನನ್ನದು ಲಕ್ಷ್ಮಿಗೆ. ಆಕೆಯದು ಅವರ ವಾರದ ಹಬ್ಬಕ್ಕೆ, ಜೋಡಿ ಮೇಣದ ಬತ್ತಿ. ಬತ್ತಿ ಹಚ್ಚಿದ ಮೇಲೆ ಶನಿವಾರ ಕತ್ತಲಾಗುವವರೆಗೆ ಆಕೆ ಒಲೆ ಹೊತ್ತಿಸುವುದಿಲ್ಲ, ಫೋನ್ ಮುಟ್ಟುವುದಿಲ್ಲ. ಹಾಗಾಗಿ ಶುಕ್ರವಾರ ಮಧ್ಯಾಹ್ನವೇ ಇರಾನಿನಲ್ಲಿದ್ದ ಅಣ್ಣನಿಗೆ ವಿಡಿಯೊ ಕಾಲ್. ಬಿಪಿ ಗುಳಿಗೆ ತಗೊಂಡೆಯಾ ಎಂದು ಇವಳು ಕೇಳುವುದು, ಅವನು ಹೂಂ ಅನ್ನುವುದು, "ಎಲ್ಲಿ, ಕಿವಿ ತೋರಸು" ಎಂದು ಇವಳು ಗದರುವುದು. ಸುಳ್ಳು ಹೇಳಿದರೆ ಅವನ ಕಿವಿ ಕೆಂಪಾಗುತ್ತಿತ್ತಂತೆ, ಸಣ್ಣವನಿದ್ದಾಗಿನಿಂದಲೂ. ಎಪ್ಪತ್ತು ದಾಟಿದ ಆ ಮುದುಕ ತಲೆ ತಿರುಗಿಸಿ ಕಿವಿ ತೋರಿಸುತ್ತಿದ್ದ. ಹಣ್ಣಾದ ಟೊಮೆಟೊ! ನಾನು ಹಿಂದೆ ನಿಂತು ನಗುತ್ತಿದ್ದೆ.

ಆಮೇಲೆ ಇರಾನಿನ ಮೇಲೆ ಬಾಂಬ್ ಬಿದ್ದವು. ಹಾಕಿದ್ದು ಯೆಹೂದಿಗಳ ದೇಶ. ಇರಾನನ್ನು ಆಳುವವರು ಧರ್ಮಗುರುಗಳು. ಅವರಿಗೆ ಮನೆಮನೆಯಲ್ಲೂ ಗೂಢಚಾರರು ಕಾಣತೊಡಗಿದರು. ಹೊರದೇಶದಲ್ಲಿ ನೆಂಟರಿರುವ ಯೆಹೂದಿಗಳನ್ನು ಕರೆಸಿ, ಫೋನ್ ಕಸಿದು ನೋಡುತ್ತಿದ್ದಾರೆ ಎಂಬ ಸುದ್ದಿ ಬಂತು. ಇವಳು ಕಾಲ್ ಮಾಡುವುದನ್ನೇ ಬಿಟ್ಟಳು. ಅಣ್ಣ ಇದ್ದಾನೋ ಇಲ್ಲವೋ, ತಿಳಿಯುವ ದಾರಿ ಇರಲಿಲ್ಲ.

ಆಗಷ್ಟೇ ಮೊಮ್ಮಗಳು ನನಗೆ ಫೋನಿನಲ್ಲಿ ಟೈಪ್ ಮಾಡಲು ಕಲಿಸಿದ್ದಳು. ನನಗೆ ಜಂಬ.

"ನಾ ಬರೀತೀನಿ ಬಿಡು ನಿಮ್ಮಣ್ಣಗ," ಎಂದೆ. "ಉಪ್ಪಿನಕಾಯಿ ಹ್ಯಾಂಗ ಹಾಕ್ತೀರಿ ಅಂತ ಧಾರವಾಡದ ಮುದುಕಿ ಕೇಳಿದ್ರ ಯಾರು ಏನಂತಾರ?"

"ಲಂಡನ್ನಿಂದ ಕೇಳಿದ್ರ ಉಪ್ಪಿನಕಾಯಿನೂ ಗೂಢಚಾರಿಕೇನ. ಫೋನ್ ಕೆಳಗಿಡು." ಆಮೇಲೆ ಮೆಲ್ಲಗೆ ಅಂದಳು: "ಮ್ಯಾಲಿಂದ ಬೀಳೂ ಬಾಂಬಿಗೆ ಅಂವ ಯಾರಂತ ಗೊತ್ತಿಲ್ಲ. ಕೆಳಗಿನ ಪೊಲೀಸರಿಗೆ ಚಲೋ ಗೊತ್ತೈತಿ."

ನಾನು ಫೋನ್ ಕೆಳಗಿಟ್ಟೆ.

ಅಂದಿನಿಂದ ಶುಕ್ರವಾರ ಸಂಜೆ ಬತ್ತಿ ಹಚ್ಚುವ ಮುನ್ನ ಆಕೆ ತನ್ನ ಫೋನನ್ನು ಲಾಕ್ ತೆಗೆದು ನಮ್ಮ ಅಡುಗೆಮನೆಯ ಮೈಕ್ರೊವೇವ್ ಮೇಲೆ ಬಿಟ್ಟು ಹೋಗತೊಡಗಿದಳು. ಅಣ್ಣನ ಸುದ್ದಿ ಬಂದರೆ ನೋಡಿಕೊ ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ಹಬ್ಬದ ಹೊತ್ತಿನಲ್ಲಿ ಇಂಥ ಕೆಲಸ ಮಾಡು ಎಂದು ಬೇರೆಯವರಿಗೂ ಹೇಳಬಾರದಂತೆ. ಅದಕ್ಕೇ ಮರೆತವಳ ಹಾಗೆ ಇಡುತ್ತಿದ್ದಳು. ನಾನೂ ಏನೂ ಗೊತ್ತಿಲ್ಲದವಳ ಹಾಗೆ ಕಾಯುತ್ತಿದ್ದೆ.

ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಚಪಾತಿ ಹಿಟ್ಟು ನಾದುತ್ತಿದ್ದಾಗ ಆ ಫೋನ್ ಟಣ್ ಎಂದಿತು. ಆಕೆಯ ನೆಂಟರು ಯಾರೋ ವಿಡಿಯೊ ಕಳಿಸಿದ್ದರು. ಹಿಟ್ಟಿನ ಬೆರಳಿನಲ್ಲೇ ಒತ್ತಿದೆ. ಇರಾನಿನ ಟಿವಿಯದು. ಗೋಡೆಯ ಮೇಲೆ ದೊಡ್ಡ ನಾಯಕರ ಪಟ, ಅದರ ಕೆಳಗೆ ಸಾಲಾಗಿ ನಿಂತ ಯೆಹೂದಿ ಹಿರಿಯರು. ಮೈಕಿನ ಮುಂದೆ ಇದ್ದವನು ಆಕೆಯ ಅಣ್ಣ. ಎರಡನೆಯ ಸಲ ನೋಡಿದಾಗಲೇ ಗುರುತು ಹತ್ತಿದ್ದು, ಅಷ್ಟು ಸೊರಗಿದ್ದ. ಕೋಟು ಬೇರೆ ಯಾರದೋ ಅನ್ನುವ ಹಾಗೆ ಹೆಗಲಿನಿಂದ ಜೋತುಬಿದ್ದಿತ್ತು.

ಮನೆಯ ಚಪ್ಪಲಿಯಲ್ಲೇ ಓಡಿ ಆಕೆಯ ಬಾಗಿಲು ಬಡಿದೆ.

"ನೀ ಮುಟ್ಟಬ್ಯಾಡ, ನಾ ಹಿಡೀತೀನಿ. ನಿನ್ನ ಕಣ್ಣಿಗೇನೂ ಹಬ್ಬ ಇಲ್ಲಲ್ಲ, ನೋಡು!"

ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದಳು. ವಿಡಿಯೊ ಮುಗಿದಾಗ ಮೆಟ್ಟಿಲ ಮೇಲೆ ಕೂತಳು.

"ಅದಾನ," ಅಂದಳು. "ಜೀವಂತ ಅದಾನ."

ಅವನು ಹೇಳಿದ್ದೇನು ಎಂದು ಕೇಳಿದೆ. ನಾವು ಈ ನೆಲದವರು, ನಮ್ಮ ನಾಯಕರ ಹಿಂದೆ ಇದ್ದೇವೆ, ಹೊರಗಿನ ಶತ್ರುವಿಗೆ ಧಿಕ್ಕಾರ ಅಂದನಂತೆ. ಕೊನೆಗೆ, ಹೊರದೇಶದಲ್ಲಿ ನನ್ನವರು ಅಂತ ಯಾರೂ ಇಲ್ಲ ಅಂದನಂತೆ.

ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಅಲ್ಲ ಯವ್ವಾ, ಒಡಹುಟ್ಟಿದ ತಂಗೀನ ಇಲ್ಲ ಅಂದುಬಿಟ್ನಲ್ಲ! ಹಂಗ ಅನ್ನಾಕ ಬಾಯರ ಹ್ಯಾಂಗ ಬಂತು?"

ಆಕೆ ಸ್ಕಾರ್ಫಿನ ತುದಿಯಿಂದ ಕಣ್ಣೊರೆಸಿಕೊಂಡು ನನ್ನತ್ತ ಕೆಕ್ಕರಿಸಿದಳು. "ನೀ ಬಾಯಿ ಮುಚ್ಚು. ಇನ್ನೊಂದು ಸಲ ವಿಡಿಯೊ ಹಚ್ಚಿ ಕಣ್ಣಿನ ಸನೇಕ ಹಿಡಿ. ಆ ಮಾತು ಹೇಳೂ ಹೊತ್ತಿನ್ಯಾಗ ಅವನ ಕಿವಿ ನೋಡಬೇಕು ನಾ."