ಕಾಕಾ ಅಳುತ್ತಿದ್ದ ರೀತಿ

ಕಾಕಾ ಅವರ ಎಡಹುಬ್ಬನ್ನು ಹಳೆಯ ಗಾಯವೊಂದು ಎರಡಾಗಿ ಸೀಳಿತ್ತು. ಚಿಕ್ಕವರಿದ್ದಾಗ ಮಗ್ಗದಿಂದ ಲಾಳಿ ಹಾರಿಬಂದು ಬಡಿದದ್ದಂತೆ. ಧಾರಾವಾಹಿಯಲ್ಲಿ ಮೇಕಪ್‌ನವರು ಅದಕ್ಕೆ ಬಣ್ಣ ತುಂಬಿ ಮುಚ್ಚುತ್ತಿದ್ದರು. ಬನಹಟ್ಟಿಗೆ ಬಂದಾಗ ಆ ಗುರುತು ನೋಡಿದ ಮೇಲೆಯೇ ನಮ್ಮ ಓಣಿಯ ಮಕ್ಕಳಿಗೆ ಇವರು ಟೀವಿಯವರಲ್ಲ, ನಮ್ಮವರು ಎಂದು ಖಾತ್ರಿಯಾಗುತ್ತಿತ್ತು.

ಅವರು ನಮ್ಮ ಸಂಬಂಧಿಕರಲ್ಲ, ಪಕ್ಕದ ಮನೆಯವರು. ಎರಡು ಮನೆಯ ಮಗ್ಗಗಳ ನಡುವೆ ಒಂದೇ ಗೋಡೆ. ಬೆಂಗಳೂರಿನ ದೊಡ್ಡ ಧಾರಾವಾಹಿಯೊಂದರಲ್ಲಿ ವರ್ಷಗಟ್ಟಲೆ ಮನೆಯಾಳಿನ ಪಾತ್ರ ಮಾಡಿದರು. ನಮ್ಮ ಕಡೆಯ ಮಾತಾಡುವ, ಎಲ್ಲರಿಂದ ಬೈಸಿಕೊಳ್ಳುವ ಪೆದ್ದ ಆಳು. ಯಜಮಾನತಿ ಗದರಿದರೆ ಸಾಕು, “ಯವ್ವಾ...” ಎಂದು ರಾಗ ಎಳೆದು ಅಳುತ್ತಿದ್ದರು. ಆ ಅಳು ಕೇಳಿ ನಾಡೆಲ್ಲ ನಗುತ್ತಿತ್ತು. ರಬಕವಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಮೊಬೈಲು ಆ ಅಳುವಿನಲ್ಲೇ ರಿಂಗಾಗುತ್ತಿತ್ತು.

ಅವರ ತಾಯಿ ತೀರಿಕೊಂಡ ದಿನ ಕಾಕಾ ಕಾರಿನಿಂದ ಇಳಿದವರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನಡೆದರು. ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದ ತಾಯಿಯ ಕಾಲ ಮೇಲೆ ಬಿದ್ದು “ಯವ್ವಾ...” ಎಂದರು.

ಬಾಗಿಲ ಹತ್ತಿರ ಯಾರೋ ಕಿಸಕ್ಕನೆ ನಕ್ಕರು.

ನಾನು ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದುಕೊಂಡೆ. ಅಷ್ಟರಲ್ಲಿ ಇನ್ನೊಬ್ಬರು. ನನ್ನ ಮುಂದೆ ಕೂತಿದ್ದ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು; ಭುಜ ಕುಲುಕುತ್ತಿತ್ತು. ಅದು ಅಳುವಲ್ಲ. ನಕ್ಕವರು ಕೆಟ್ಟವರೂ ಅಲ್ಲ, ದಿನಾ ನಮ್ಮ ಜೊತೆ ಕೂತು ಉಂಡವರು. ಅವರಿಗೆ ತಡೆಯಲಾಗಲಿಲ್ಲ, ಅಷ್ಟೆ. ಕಾಕಾ ತಿರುಗಿ ನೋಡಿದರು. ಕರೆಂಟು ಹೋದಾಗ ಮಗ್ಗ ನಿಲ್ಲುವ ಹಾಗೆ ಅವರ ಅಳು ನಿಂತಿತು. ಮಣ್ಣು ಮಾಡಿ ಬರುವವರೆಗೂ ಅವರ ಬಾಯಿಂದ ಒಂದು ಸದ್ದೂ ಹೊರಡಲಿಲ್ಲ.

ಕೆಲವು ದಿನ ಕಳೆದ ಮೇಲೆ ನಮ್ಮ ಕಟ್ಟೆಗೆ ಬಂದು ಕೂತು ಅಪ್ಪನಿಗೆ ಹೇಳಿದರು: “ಅಣ್ಣಾ, ನಾ ಇನ್ನ ಆ ಪಾರ್ಟ್ ಮಾಡಾಂಗಿಲ್ಲ.”

“ಹುಚ್ಚ ಹಿಡದೈತೇನಲೇ ನಿನಗ? ನಿನ್ನ ನೋಡಾಕಂತನ ಮಂದಿ ಟೀವಿ ಹಚ್ಚತಾರ.”

“ನಗಾಕ ಹಚ್ಚತಾರ ಅಣ್ಣಾ. ನಮ್ಮವ್ವ ಸತ್ತಾಗೂ ನಕ್ಕರಂದ್ರ ತಪ್ಪು ಅವರದಲ್ಲ. ನಾನೇ ಕಲಿಸೇನಿ.”

ಊರಿಗೆ ಊರೇ ದಂಗಾಗಿ ಹೋಯಿತು. ಕೈಯಲ್ಲಿದ್ದ ಹೆಸರನ್ನು ಹೀಗೆ ಯಾರಾದರೂ ಬಿಡುತ್ತಾರೆಯೇ?

ಮುಂದೆ ಅವರು ಕ್ಯಾಮೆರಾ ತಂದರು. ಜಮಖಂಡಿಯ ಗೆಳೆಯರೊಬ್ಬರನ್ನು ಜೊತೆ ಮಾಡಿಕೊಂಡು ಹೊಸ ಧಾರಾವಾಹಿಯೊಂದಕ್ಕೆ ತಾವೇ ನಿರ್ಮಾಪಕರಾದರು, ತಾವೇ ನಿರ್ದೇಶಕರು. ನೇಕಾರ ಮನೆಯ ಇಬ್ಬರು ಅಕ್ಕತಂಗಿಯರ ಕತೆ. ಪಾತ್ರಗಳೆಲ್ಲ ನಮ್ಮ ಮಾತೇ ಆಡುವಂಥವು. ಮನೆಯಲ್ಲಿ ಬ್ಲೌಸ್ ಹೊಲಿಯುತ್ತ ಕೂತಿದ್ದ ನನ್ನನ್ನು ಕರೆದರು. ಬಟ್ಟೆ ನೋಡಿಕೊಳ್ಳಲು ಎಂದುಕೊಂಡು ಟೇಪು, ಸೂಜಿ ಹಿಡಿದು ಹೋದೆ.

“ಅವನ್ನ ಒಳಗಿಡು,” ಎಂದರು. “ನೀ ಮಾತು ಕೇಳು. ಎಲ್ಲಿ ಸುಳ್ಳ ಅನಿಸ್ತೈತಿ, ಅಲ್ಲಿ ಕೈ ಎತ್ತು.”

ಮೊದಲ ಸಲ ಕೈ ಎತ್ತಿದಾಗ ಕಾಕಾ ನಿಜವಾಗಿಯೂ ಶಾಟ್ ನಿಲ್ಲಿಸಿಬಿಟ್ಟರು. ಬೆಂಗಳೂರಿನಿಂದ ಬಂದ ನಟಿ ನನ್ನನ್ನು ನೋಡಿದ ನೋಟಕ್ಕೆ ನೆಲ ಬಾಯ್ಬಿಡಬಾರದೇ ಎನಿಸಿತು. ಕಾಕಾ ಮಾತ್ರ, “ಹೇಳವಾ, ಏನ್ ತಪ್ಪಾತು?” ಎಂದು ಕಾದು ನಿಂತರು.

ಅವರದೊಂದು ವಿಚಿತ್ರ ಅಭ್ಯಾಸ. ಶಾಟ್ ನಡೆಯುವಾಗ ಮಾನಿಟರ್ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದರು. ಮೊದಮೊದಲು ಸುತ್ತಲಿನ ಮನೆಗಳಿಗೆ ಹೋಗಿ “ಒಂದೀಟು ಮಗ್ಗ ನಿಲ್ಲಸ್ರಿ” ಎಂದು ಬೇಡುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. “ಬಡೀಲಿ ಬಿಡ್ರಿ. ನಮ್ಮ ಮಂದಿ ಈ ಸಪ್ಪಳದಾಗ ಮಾತು ಕಲತಾರ.”

ಒಮ್ಮೆ ಚಾನೆಲ್‌ನವರೊಬ್ಬರು ಬಂದರು. “ಸರ್, ನೀವೂ ಒಂದು ಚಿಕ್ಕ ಪಾತ್ರ ಮಾಡಿ. ಆ ಅಳು ಒಂದೇ ಒಂದು ಸಲ ಸಾಕು, ಜನ ಮುಗಿಬೀಳ್ತಾರೆ,” ಎಂದರು.

ಚಾನೆಲ್‌ನವರ ಕೈಗೆ ಕಾಕಾ ಚಹಾದ ಕಪ್ಪು ಕೊಟ್ಟು ಮೆಲ್ಲಗೆ, “ಅದು ನಮ್ಮವ್ವನ ಜೋಡಿ ಹೋತ್ರಿ,” ಎಂದರು. ಬಂದವರು ಚಹಾ ಕುಡಿದು ಹೋದರು.

ಕೊನೆಯ ಕಂತುಗಳಿಗೆ ಅನಗವಾಡಿಯ ಹೊಳೆದಂಡೆಯಲ್ಲಿ ಸೆಟ್ ಹಾಕಿದ್ದೆವು. ಬೆಳಿಗ್ಗೆ ಎಲ್ಲರೂ ಸಿದ್ಧರಾಗಿದ್ದೆವು, ಕಾಕಾ ಮಾತ್ರ ಬಂದಿರಲಿಲ್ಲ. ನನ್ನ ಫೋನು ರಿಂಗಾಯಿತು. ದಾರಿಯಲ್ಲಿ ಎದೆನೋವು ಬಂದಿತ್ತಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

“ಯಾರು?” ಎಂದೆ. ಹೆಸರು ಹೇಳಿದ ಮೇಲೂ ಮತ್ತೆ “ಯಾರು?” ಎಂದೆ. ಹಿಂದಿನ ಸಂಜೆ ತಾನೇ ಅವರು, ನಾಳೆ ಬಿಸಿಲೇರುವ ಮೊದಲೇ ಶುರು ಮಾಡೋಣ ಎಂದು ಹೇಳಿ ಹೋಗಿದ್ದರು. ಸುದ್ದಿ ತಿಳಿದ ಮೇಲೂ ಲೈಟಿನವನು ಬೆಳಕು ತಿರುಗಿಸುವ ಬಿಳಿ ಹಲಗೆಯನ್ನು ಎತ್ತಿ ಹಿಡಿದೇ ನಿಂತಿದ್ದ. ಇಳಿಸು ಎಂದು ಯಾರೂ ಹೇಳಲಿಲ್ಲ. ಹೇಳಬೇಕಾದವರೇ ಇರಲಿಲ್ಲ.

ಉಳಿದ ಭಾಗಕ್ಕೆ ಚಾನೆಲ್‌ನವರು ಬೇರೆ ನಿರ್ದೇಶಕರನ್ನು ಕಳಿಸುತ್ತೇವೆ ಎಂದರು. ಕಾಕಿ, ಎಂದರೆ ಕಾಕಾ ಅವರ ಹೆಂಡತಿ, ನನ್ನೆದುರಿಗೇ ಫೋನಿನಲ್ಲಿ ಹೇಳಿದರು: “ಮುಗಸೂದಿದ್ರ ಈ ಹುಡುಗಿ ಮುಗಸ್ತಾಳ. ಇಲ್ಲಂದ್ರ ಅಲ್ಲೇ ನಿಲ್ಲಲಿ.”

ನಾನು ಬೆಚ್ಚಿಬಿದ್ದೆ. “ಕಾಕಿ, ನನಗೇನ್ ಬರತೈತಿ?”

“ನಿನ್ನ ಮಾರಿ ನೋಡಿದ ಮ್ಯಾಲೆ ಶಾಟ್ ಓಕೆ ಅಂತಿದ್ರಂತ. ಮನ್ಯಾಗ ಹೇಳತಿದ್ರು. ನಿನಗ ಹೇಳಿಲ್ಲೇನು?”

ಹೇಳಿರಲಿಲ್ಲ. ಒಂದು ಸಲವೂ ಹೇಳಿರಲಿಲ್ಲ.

ಕೊನೆಗೆ ಚಾನೆಲ್‌ನವರು ಒಪ್ಪಿದರು. ಮತ್ತೆ ಹೊಳೆದಂಡೆಗೆ ಹೋದೆವು. ಮುನಿಸಿಕೊಂಡಿದ್ದ ಅಕ್ಕತಂಗಿಯರು ಮತ್ತೆ ಮಾತಾಡುವ ದೃಶ್ಯ. ಕ್ಯಾಮೆರಾದವರು ನನ್ನ ಕಡೆ ತಿರುಗಿ, “ಹೇಳ್ರಿ ಮೇಡಂ” ಎಂದರು. ಜೀವಮಾನದಲ್ಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಇಬ್ಬರೂ ನಟಿಯರು ನನ್ನ ಬಾಯನ್ನೇ ನೋಡುತ್ತಿದ್ದರು.

“ಆಕ್ಷನ್,” ಎಂದೆ. ಧ್ವನಿ ನಡುಗಿತು. ಆದರೂ ದೂರದಲ್ಲಿ ನಿಂತವರಿಗೂ ಕೇಳಿಸಿತು.