ಸೋಮವಾರದ ತಾಲೀಮು

ಬುತ್ತಿ ಕಟ್ಟಿಕೊಳ್ಳದೆ ಮನೆ ಬಿಟ್ಟವರನ್ನು ನಮ್ಮ ಬೇವೂರಿನ ಕಡೆ ಪ್ರಯಾಣಕ್ಕೆ ಹೊರಟವರೆಂದು ಯಾರೂ ನಂಬುವುದಿಲ್ಲ. ಜಗಳವಾಡಿ ಎದ್ದುಹೋಗಿರಬೇಕೆಂದೇ ತಿಳಿಯುತ್ತಾರೆ. ಆದ್ದರಿಂದ ಈ ಸಲದ ಹಿಂಗಾರಿ ಬಿತ್ತನೆಯ ದಿನಗಳಲ್ಲಿ ನಾನೂ ನನ್ನ ಅಣ್ಣನೂ ಗಂಗಾವತಿಗೆ ಹೋಗಿಬರುವ ಮಾತು ಎದ್ದಾಗ, ಯಾವ ಬಸ್ಸು, ಎಷ್ಟು ಹೊತ್ತಿಗೆ ಎಂಬುದೆಲ್ಲ ತೀರ್ಮಾನವಾಗುವ ಮೊದಲೇ ಬುತ್ತಿ ತೀರ್ಮಾನವಾಗಿತ್ತು. ಅತ್ತಿಗೆ ಕಡಕ್ ರೊಟ್ಟಿ ಬಡಿದಳು, ಶೇಂಗಾ ಹಿಂಡಿ ಕುಟ್ಟಿದಳು, ಗಂಗಾವತಿಯಲ್ಲಿದ್ದ ಮಗಳಿಗೆ ಇಷ್ಟವೆಂದು ಬೆಲ್ಲದ ಮಾದಲಿ ಮಾಡಿದಳು, ಮಗಳ ಜೊತೆಯ ಹುಡುಗಿಯರು ಬಾಯಿ ನೋಡುತ್ತ ನಿಲ್ಲಬಾರದೆಂದು ಅದೆಲ್ಲವನ್ನೂ ಮತ್ತೊಮ್ಮೆ ಮಾಡಿದಳು. ನಾನಿರುವ ಕೊಪ್ಪಳದ ಮನೆಗೆ ಭಾನುವಾರ ಸಂಜೆ ಬೇವೂರಿನಿಂದ ಅಣ್ಣ ಬಂದಿಳಿದಾಗ ಹೆಗಲ ಮೇಲಿನ ಗಂಟನ್ನು ಕಂಡ ಪಕ್ಕದ ಮನೆಯಾಕೆ, ಯಾರ ಮನೆಯ ಮದುವೆ ಎಂದು ಕೇಳಿದಳು. ಬೇಸ್‌ಬಾಲ್ ನೋಡಲು ಹೊರಟಿದ್ದೇವೆ ಎಂದೆ. ಆಕೆ ಅದನ್ನು ಯಾವುದೋ ಹೊಸ ದೇವರೆಂದುಕೊಂಡಳೇನೋ, ಛಲೋ ಆತು ಬಿಡ್ರಿ ಎಂದು ಕೈಮುಗಿದಳು.

ಬೇಸ್‌ಬಾಲ್ ಎಂದರೆ ಏನೆಂದು ನಿಮಗೂ ಪೂರ್ತಿ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ, ನನಗೂ ಅರ್ಧವೇ ಗೊತ್ತು. ನಡುವಿನ ಮಣ್ಣ ದಿಬ್ಬದ ಮೇಲೆ ನಿಂತು ಒಬ್ಬಳು ಬೀಸಿ ಚೆಂಡೆಸೆಯುತ್ತಾಳೆ. ಇನ್ನೊಬ್ಬಳು ದುಂಡನೆಯ ದಾಂಡಿನಿಂದ ಅದನ್ನು ಹೊಡೆದು, ಮೂಲೆಯಿಂದ ಮೂಲೆಗೆ ಓಡಿ, ಕೊನೆಗೆ ಹೊರಟಲ್ಲಿಗೇ ಬಂದು ಸೇರುತ್ತಾಳೆ. ಹೊರಟಲ್ಲಿಗೇ ಬರುವುದಾದರೆ ಹೋಗುವುದಾದರೂ ಯಾಕೆ ಎಂದು ಅತ್ತಿಗೆ ಒಮ್ಮೆ ಕೇಳಿದ್ದುಂಟು. ಅಣ್ಣನ ಮಗಳು ಸವಿತಾ ಚೆಂಡೆಸೆಯುವವಳು. ಕಾಲೇಜಿನ ಹಾಸ್ಟೆಲ್ ಸೇರಿದ ಮೇಲೆ ಕಲಿತ ಆಟ. ಟೂರ್ನಮೆಂಟಿಗೆ ಮೊದಲು ಸುತ್ತಲಿನ ತಾಲೂಕುಗಳ ಹುಡುಗಿಯರನ್ನು ಗಂಗಾವತಿಯಲ್ಲಿ ಸೇರಿಸಿ, ಎರಡು ಪಾಲು ಮಾಡಿ, ತಮ್ಮತಮ್ಮಲ್ಲೇ ಆಡಿಸಿ ಪಳಗಿಸುತ್ತಾರೆ. ನಾವು ಹೊರಟದ್ದು ಆ ತಾಲೀಮಿನ ಆಟ ನೋಡಲು.

ತಾಲೀಮನ್ನು ನೋಡಲು ಯಾರಾದರೂ ರೊಟ್ಟಿ ಕಟ್ಟಿಕೊಂಡು ಹೋಗುತ್ತಾರೆಯೇ ಎಂದು ನೀವು ನಗಬಹುದು. ನಗುವವರು ಬಯಲಾಟದ ತಾಲೀಮು ನೋಡಿದವರಲ್ಲ ಎಂದು ನನ್ನ ಗುಮಾನಿ. ನಾವು ಚಿಕ್ಕವರಿದ್ದಾಗ ಊರ ಗುಡಿಯ ಕಟ್ಟೆಯ ಮೇಲೆ ಸಂಜೆ ಹೊತ್ತು ತಾಲೀಮು ನಡೆಯುತ್ತಿತ್ತು. ಭೀಮಸೇನ ಲುಂಗಿ ಮೇಲಕ್ಕೆ ಕಟ್ಟಿ, ಕಿವಿಯಲ್ಲಿ ಬೀಡಿ ಸಿಕ್ಕಿಸಿಕೊಂಡು, ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಸರಿಯಾಗಿ ಮಾತು ಮರೆತು ತಲೆ ಕೆರೆದುಕೊಳ್ಳುತ್ತಿದ್ದ. ತೊಡೆ ಮುರಿಸಿಕೊಳ್ಳಬೇಕಾದವನೇ ಪಾಪ, ಮಲಗಿದಲ್ಲಿಂದ ಮುಂದಿನ ಮಾತನ್ನು ಎತ್ತಿಕೊಡುತ್ತಿದ್ದ. ಆಟದ ದಿನ ಬಣ್ಣ ಹಚ್ಚಿ ಕಿರೀಟವಿಟ್ಟ ಮೇಲೆ ಅವರು ನಮ್ಮವರಾಗಿ ಉಳಿಯುತ್ತಿರಲಿಲ್ಲ, ನಾವು ದೂರ ಕುಳಿತು ಹೆದರುತ್ತಿದ್ದೆವು. ತಾಲೀಮಿನಲ್ಲಿ ಮಾತ್ರ ಅವರು ತಪ್ಪುತ್ತಿದ್ದರು, ನಗುತ್ತಿದ್ದರು, ಮತ್ತೊಮ್ಮೆ ಎನ್ನುತ್ತಿದ್ದರು. ಆ ಮತ್ತೊಮ್ಮೆ ಎಂಬ ಮಾತು ನಿಜವಾದ ಪಂದ್ಯದಲ್ಲಿ ಯಾರಿಗೂ ಸಿಗುವುದಿಲ್ಲ, ಸಂಸಾರದಲ್ಲಂತೂ ಕೇಳಲೇಬೇಡಿ. ಒಬ್ಬರನ್ನು ಪ್ರೀತಿಯಿಂದ ನೋಡಬೇಕಾದರೆ ಅವರು ತಾಲೀಮಿನಲ್ಲಿರುವಾಗ ನೋಡಬೇಕು ಎಂದು ನಾನು ಇಂದಿಗೂ ನಂಬಿದ್ದೇನೆ.

ಅಣ್ಣನಿಗೂ ಮಗಳಿಗೂ ನಡುವೆ ಅಂಥದೊಂದು ಮತ್ತೊಮ್ಮೆ ಬೇಕಾಗಿತ್ತು. ಸವಿತಾ ಈ ಆಟಕ್ಕೆ ಸೇರಿದ ಹೊಸದರಲ್ಲಿ, ಮನೆ ತುಂಬ ನೆಂಟರಿದ್ದಾಗ, ಚೆಂಡನ್ನು ಹೇಗೆ ಎಸೆಯುವುದೆಂದು ಅಂಗಳದಲ್ಲಿ ನಿಂತು ತೋರಿಸಿದ್ದಳು. ಜೋಳದ ಹೊಲದಲ್ಲಿ ಹಕ್ಕಿ ಕಾಯುತ್ತ ಕವಣೆ ಬೀಸಿ ಬೆಳೆದ ಹುಡುಗಿ, ಕೈಯಲ್ಲಿ ಕಸುವಿತ್ತು. ಅಣ್ಣ ಮೀಸೆಯಲ್ಲೇ ನಕ್ಕು, "ಕಲ್ಲು ಒಗಿಯಾಕ ಕಾಲೇಜಿಗೆ ಹೋಗಬೇಕೇನವಾ?" ಎಂದ. ಎಲ್ಲರೂ ನಕ್ಕರು. ಅದು ಅವನ ಹೆಮ್ಮೆಯ ಮಾತು ಎಂದು ಅವನ ತಂಗಿಯಾದ ನನಗೆ ಗೊತ್ತು. ನಮ್ಮ ಮನೆಯ ಗಂಡಸರಿಗೆ ಹೊಗಳುವುದು ಬರುವುದಿಲ್ಲ, ಬಂದರೂ ಅದು ಕುಟುಕಿನ ರೂಪದಲ್ಲೇ ಬರುತ್ತದೆ. ಹುಡುಗಿಗೆ ಅದು ತಿಳಿಯಲಿಲ್ಲ. ಅಂದಿನಿಂದ ಅವಳು ಮನೆಯಲ್ಲಿ ಆಟದ ಸುದ್ದಿ ಎತ್ತಲಿಲ್ಲ; ಮಗಳು ದೊಡ್ಡವಳಾದಳು, ನಮ್ಮಂಥವರ ಜೊತೆ ಏನು ಮಾತಾಡಿಯಾಳು ಎಂದುಕೊಂಡು ಇವನೂ ಕೇಳಲಿಲ್ಲ. ಒಬ್ಬರ ಮೇಲೊಬ್ಬರಿಗೆ ಜೀವವಿದ್ದೂ ಇಬ್ಬರೂ ಮುಗುಮ್ಮಾಗಿ ಉಣ್ಣುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಸವಿತಾಳ ಫೋನು ಬಂತು. ರಾಜ್ಯ ತಂಡದ ಕ್ಯಾಂಪಿಗೆ ಅವಳನ್ನು ಆರಿಸಿದ್ದಾರೆ, ಬರುವ ಮಂಗಳವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ನಾನು ಹಿಗ್ಗುವಷ್ಟರಲ್ಲೇ ಅವಳು, "ಬ್ಯಾಡ ಅಂತ ಹೇಳಿಬಿಡ್ತೀನಿ ಅತ್ತಿ. ಅಪ್ಪಗ ಇದು ಕಲ್ಲು ಒಗಿಯೋದು ಅಷ್ಟ. ನಾ ಇನ್ನ ಎಷ್ಟ್ ದಿನ ಒಗೀಲಿ?" ಎಂದಳು. ಬುದ್ಧಿ ಹೇಳಲು ನಾಲಿಗೆ ತುರಿಸಿತು. ನಾನು ಹೈಸ್ಕೂಲಿನ ಕನ್ನಡ ಟೀಚರು, ಬುದ್ಧಿ ಹೇಳುವುದು ನನ್ನ ಹೊಟ್ಟೆಪಾಡು. ಆದರೂ ತಡೆದುಕೊಂಡೆ. ಅಪ್ಪ ಬಂದು ಎದುರಿಗೆ ಕುಳಿತು ನೋಡದ ಹೊರತು ಇದು ತೀರುವ ಮಾತಲ್ಲ ಎನಿಸಿತು. ಮೊದಲೇ ತಿಳಿಸಿದರೆ ಬರಬೇಡಿ ಎಂದಾಳೆಂದು ಅವಳಿಗೆ ಹೇಳದೆ, ಅವಳ ಕೋಚ್ ಮೌಲಾಸಾಬ್ ಸರ್‌ಗೆ ಫೋನು ಮಾಡಿ, ಆಟ ನೋಡಲು ಬರಬಹುದೇ ಎಂದು ಕೇಳಿದೆ. ಅವರು ಸಿದ್ದಾಪುರದ ಕಡೆಯವರು, ಮೆತ್ತನೆಯ ಮಾತಿನವರು. ಧಾರಾಳವಾಗಿ ಬರ್ರಿ, ಯಾವತ್ತರ ಬರ್ರಿ, ದಿನಾ ಮುಂಜಾನೆ ಆಟ ಇದ್ದೇ ಇರುತ್ತದೆ ಎಂದರು.

ಇನ್ನು ಅಣ್ಣನನ್ನು ಒಪ್ಪಿಸುವುದು. ಬಿತ್ತನೆಯ ಕಾಲದಲ್ಲಿ ಅವನನ್ನು ಹೊಲದಿಂದ ಎಬ್ಬಿಸುವುದೆಂದರೆ ಸುಲಭವಲ್ಲ. ಊರಿಗೆಲ್ಲ ಟ್ರ್ಯಾಕ್ಟರ್ ಬಂದರೂ ಇವನು ಮಾತ್ರ ತನ್ನ ಜೋಡೆತ್ತು, ಬೀಜ ಬಿತ್ತುವ ತನ್ನ ಕೂರಿಗೆ ಬಿಟ್ಟವನಲ್ಲ. ಎರೆಹೊಲದ ಹದ ಕಾಲಿನಿಂದ ತಿಳಿಯಬೇಕು, ಟೈರಿಗೆ ಏನು ತಿಳಿದೀತು ಎಂಬುದು ಅವನ ವಾದ. ನಾನು ಕ್ಯಾಂಪಿನ ಸಂಗತಿಯನ್ನೂ ಮಗಳು ಬೇಡವೆನ್ನಲಿರುವುದನ್ನೂ ಫೋನಿನಲ್ಲಿ ಹೇಳಿದೆ, ಯಾಕೆ ಎಂಬುದನ್ನೂ ಹೇಳಿದೆ. ಅವನು, ಸೋಮವಾರವಾದರೆ ಬರುತ್ತೇನೆ ಎಂದ. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ; ಎಷ್ಟೇ ಹದವಿರಲಿ, ಎಂಥ ಮೋಡವೇ ಕವಿದಿರಲಿ, ಅಂದು ಎತ್ತುಗಳಿಗೆ ಮೈತೊಳೆಯುವುದು, ಮೇವು ಹಾಕುವುದು, ಅಷ್ಟೆ. ನಾನೂ ಸೋಮವಾರಕ್ಕೆ ರಜೆ ಬರೆದುಕೊಟ್ಟೆ. ಯೋಜನೆಯನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಬಸ್ಸಿನಲ್ಲಿ ಅಣ್ಣ ಕಿಟಕಿಯ ಪಕ್ಕ ಕುಳಿತು, ಕಾಲುವೆ ದಾಟಿ ಭತ್ತದ ಗದ್ದೆಗಳು ತೆರೆದುಕೊಳ್ಳುತ್ತಿದ್ದಂತೆ ಅವುಗಳ ಮೇಲೆ ತನ್ನ ಅಭಿಪ್ರಾಯಗಳನ್ನು ಹೇಳತೊಡಗಿದ. ನೀರಲ್ಲಿ ನಿಂತು ಬೆಳೆಯುವ ಬೆಳೆಗೆ ಗಟ್ಟಿತನ ಎಲ್ಲಿಂದ ಬರಬೇಕು, ಜೋಳ ಉಂಡವನ ಹಾಗೆ ಅಕ್ಕಿ ಉಂಡವನು ದುಡಿದಾನೇ, ಇತ್ಯಾದಿ. ಹಿಂದಿನ ಸೀಟಿನ ಕಾರಟಗಿಯ ಅಕ್ಕಿ ವ್ಯಾಪಾರಿಯೊಬ್ಬರು ಕೆಮ್ಮಿದರು. ಅಣ್ಣ ಆಮೇಲೆ ನನ್ನ ಕಡೆ ತಿರುಗದೆಯೇ, ತಾನು ಅಲ್ಲಿ ಏನು ಮಾತಾಡಬೇಕು ಎಂದು ಕೇಳಿದ. ಏನೂ ಆಡಬೇಡ, ನೋಡು ಸಾಕು ಎಂದೆ. ಅವನು ಗಂಟನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡ.

ಮೈದಾನ ತಲುಪಿದಾಗ ಅಲ್ಲಿ ಒಂದು ನಾಯಿ ಮತ್ತು ಎರಡು ಮೈನಾ ಹಕ್ಕಿಗಳು ಬಿಟ್ಟರೆ ಯಾರೂ ಇರಲಿಲ್ಲ. ಪಕ್ಕದ ಹಾಸ್ಟೆಲಿನ ತಂತಿಯ ಮೇಲೆ ಹುಡುಗಿಯರ ಆಟದ ಅಂಗಿಗಳು ಸಾಲಾಗಿ ಒಣಗುತ್ತಿದ್ದವು. ಎದುರಿಗೆ ಬಂದ ಮೌಲಾಸಾಬ್ ಸರ್ ಗಂಟನ್ನು ಕಂಡೇ ನಾವು ಯಾರೆಂದು ಊಹಿಸಿ ಹಣೆ ಬಡಿದುಕೊಂಡರು. ಯಾವತ್ತರ ಬರ್ರಿ ಎಂದಿರಲ್ಲ ಸರ್ ಎಂದು ನಾನು ಕೊಂಚ ಖಾರವಾಗಿಯೇ ಕೇಳಿದೆ. "ಅಂದಿದ್ದೆರಿ, ಸೋಮವಾರ ಬರ್ತೀರಿ ಅಂತ ಅನಕೊಂಡಿದ್ದಿಲ್ಲ," ಎಂದರು ಅವರು. "ನಮ್ಮಪ್ಪನೂ ಎತ್ತು ಇಟ್ಟಾವ. ಸೋಮವಾರ ಹೂಡ್ತಿದ್ದಿಲ್ರಿ. ನಾ ಈ ಹುಡುಗ್ಯಾರ್ನ ಹೆಂಗ ಹೂಡ್ಲಿ?"

ನಾನು ಅಣ್ಣನ ಮುಖ ನೋಡಿದೆ, ಅಣ್ಣ ನನ್ನ ಮುಖ ನೋಡಿದ. ಯಾವತ್ತಾದರೂ ಎಂದರೆ ಸೋಮವಾರವೊಂದನ್ನು ಬಿಟ್ಟು ಎಂದು ಎತ್ತಿನ ಮನೆಯವರಾದ ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಮಗೆ ಬಿಡುವಿದ್ದ ದಿನ ಅವರಿಗೂ ಬಿಡುವು, ಕಾರಣವೂ ಅದೇ. ಬೇರೆ ಯಾವ ಸೀಮೆಯವರೂ ಇಷ್ಟು ಶ್ರದ್ಧೆಯಿಂದ ಮೂರ್ಖರಾಗಲು ಸಾಧ್ಯವಿಲ್ಲ ಎಂದುಕೊಂಡೆ. ನಗುತ್ತಲೇ ಬೆರಳು ಮಡಚಿ ದಿನಗಳ ಲೆಕ್ಕ ಹಾಕಿದೆ. ನಾಳೆ ಮಂಗಳವಾರ, ಹುಡುಗಿ ಉಹೂಂ ಹೇಳುವ ದಿನ. ನಾಳೆ ಅಣ್ಣನ ಹೊಲದಲ್ಲಿ ಕೂರಿಗೆ ಹೂಡುವ ದಿನವೂ ಹೌದು. ಬಿತ್ತನೆಯ ಹದ ಬಂದು ನಿಂತಿತ್ತು, ತಡವಾದರೆ ನೆಲ ಆರಿಹೋಗುತ್ತದೆ; ಸಂಜೆಯ ಬಸ್ಸಿಗೆ ಅವನು ಊರು ಸೇರಲೇಬೇಕಿತ್ತು.

ಸುದ್ದಿ ಹೋಗಿ ಸವಿತಾ ಒದ್ದೆ ಕೂದಲಲ್ಲೇ ಓಡಿ ಬಂದಳು. ಅಪ್ಪನನ್ನು ಕಂಡು ಮೊದಲು ಗಾಬರಿಯಾದಳು, ಊರಲ್ಲಿ ಏನಾದರೂ ಆಗಿದೆಯೇ ಎಂದಳು. ಆಟ ನೋಡಲು ಬಂದೆವೆಂದು ನಾನು ಹೇಳಿದಾಗ ನಂಬಲಿಲ್ಲ, ಬುತ್ತಿಯ ಗಂಟನ್ನು ನೋಡಿದ ಮೇಲೆ ನಂಬಿದಳು. ಉಳಿದ ಹುಡುಗಿಯರೂ ಬಂದರು, ಬೇವಿನ ನೆರಳಲ್ಲಿ ಗಂಟು ಬಿಚ್ಚಿಕೊಂಡಿತು, ಮಾದಲಿ ಎರಡನೇ ಸುತ್ತಿಗೇ ಮುಗಿಯಿತು. ಮೌಲಾಸಾಬ್ ಸರ್ ಹಿಂಡಿಯನ್ನು ಬೆರಳಲ್ಲಿ ನೆಕ್ಕಿ ಕಣ್ಣು ಮುಚ್ಚಿಕೊಂಡರು. ಅಪ್ಪ ಮಗಳು ಮಾತ್ರ ಎದುರುಬದುರು ಕುಳಿತು ರೊಟ್ಟಿಯನ್ನೇ ನೋಡುತ್ತಿದ್ದರು.

ಕೊನೆಗೆ ಸವಿತಾ ಕೈ ತೊಳೆದು ಎದ್ದಳು. ಇಷ್ಟು ದೂರ ಬಂದಿದ್ದೀರಿ, ಸುಮ್ಮನೆ ಹೋಗಬೇಡಿ, ಒಂದಿಷ್ಟು ಚೆಂಡು ಎಸೆದು ತೋರಿಸುತ್ತೇನೆ ಎಂದು ಒಬ್ಬ ಗೆಳತಿಯನ್ನು ಕರೆದಳು. ಮಾತಿನಲ್ಲಿ ಉತ್ಸಾಹಕ್ಕಿಂತ ಹಟವೇ ಹೆಚ್ಚಾಗಿತ್ತು. ನೋಡಿಯೇ ಬಿಡು ಅಪ್ಪಾ ಈ ಕಲ್ಲೊಗೆಯುವ ಕೆಲಸವನ್ನು ಎನ್ನುವ ಹಾಗೆ. ಅಣ್ಣನೂ ಎದ್ದ. ಅವಳ ಹತ್ತಿರ ಹೋಗಿ, ಕೇಳದೆಯೇ ಅವಳ ಬಲ ಹೆಗಲ ಮೇಲೆ ಕೈಯಿಟ್ಟು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತ ಬಂದ. ಒಂದು ಕಡೆ ಅವಳು ಹಲ್ಲು ಕಚ್ಚಿದಳು. ಅಲ್ಲೇ ನಿಲ್ಲಿಸಿದ. ಸಂಜೆ ಹೊಲದಿಂದ ಬಂದು ನೊಗ ಇಳಿಸಿದ ಮೇಲೆ ಅವನು ತನ್ನ ಎತ್ತುಗಳ ಹೆಗಲನ್ನು ಹೀಗೆಯೇ ಒತ್ತಿ ನೋಡುವುದು. ಆ ಹೊತ್ತಿನಲ್ಲಿ ಅವನು ಯಾರ ಜೊತೆಗೂ ಮಾತಾಡುವುದಿಲ್ಲ. ಅಪ್ಪನ ಆ ಮುಖ ಅವಳಿಗೂ ಗೊತ್ತು, ಹುಟ್ಟಿದಾಗಿನಿಂದ ನೋಡಿದವಳು.

"ಇವತ್ತ ಬ್ಯಾಡವಾ," ಎಂದ ಅಣ್ಣ. "ದುಡಿಯೋ ಹೆಗಲ ಐತಿ. ಇದಕ್ಕೂ ಒಂದ್ ಸೋಮವಾರ ಇರಬೇಕು."

ಸವಿತಾ ಚೆಂಡನ್ನು ಕೆಳಗಿಟ್ಟಳು. ಅವಳ ಕಣ್ಣುಗಳು ತುಂಬಿಕೊಂಡವು, ಮುಖ ತಿರುಗಿಸಿ ಬೂಟಿನ ದಾರ ಬಿಚ್ಚುತ್ತ ಕುಳಿತುಬಿಟ್ಟಳು. ಅಣ್ಣ ಮೌಲಾಸಾಬ್ ಸರ್ ಕಡೆ ತಿರುಗಿ, ನಾಳೆ ಎಷ್ಟು ಹೊತ್ತಿಗೆ ಹೂಡುತ್ತೀರಿ ಎಂದು ಕೇಳಿದ. ಬಿಸಿಲೇರುವ ಮೊದಲೇ ಶುರು ಎಂದರು ಅವರು. ಅಣ್ಣ ತಲೆಯಾಡಿಸಿ, ಅಂಗಿಯ ಜೇಬಿನಿಂದ ಫೋನು ತೆಗೆದು ಅತ್ತಿಗೆಗೆ ಹಚ್ಚಿದ. ನಮ್ಮೂರಿನವರಿಗೆ ಫೋನಿನ ಮೇಲೆ ಪೂರ್ತಿ ನಂಬಿಕೆಯಿಲ್ಲ, ದೂರ ಎಷ್ಟಿದೆಯೋ ಅಷ್ಟು ಜೋರಾಗಿ ಮಾತಾಡುತ್ತಾರೆ; ಇಡೀ ಮೈದಾನಕ್ಕೆ ಕೇಳಿಸಿತು.

"ನಾಳಿ ಎತ್ತು ಹೂಡೂದಿಲ್ಲ. ರಾತ್ರಿ ಕೊಪ್ಪಳದಾಗ ಇದ್ದು, ನಾಳಿ ಮತ್ತ ಇಲ್ಲಿ ಬಂದು, ನಾಡದ್ದ ಊರಿಗೆ ಬರ್ತೀನಿ... ಹದ ಹೋದ್ರ ಹೋಗ್ಲಿ... ಸೋಮವಾರ ಇವತ್ತ ಅಂತ ನನಗೂ ಗೊತ್ತೈತಿ. ನಾಳಿ ಮಗಳು ಆಡ್ತಾಳ, ನೋಡಬೇಕು."

ಕೂರಿಗೆಯ ದಿನವೊಂದು ತಪ್ಪಿದರೆ ಏನಾಗುತ್ತದೆಂದು ಆ ಮೈದಾನದಲ್ಲಿ ಸವಿತಾಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅವಳು ಬಿಚ್ಚಿದ ದಾರವನ್ನು ಕೈಯಲ್ಲೇ ಹಿಡಿದುಕೊಂಡು, ತಲೆ ಎತ್ತದೆ, "ಸರ್, ಕ್ಯಾಂಪಿಗೆ ನನ್ನ ಹೆಸರು ಕಳಸ್ರಿ" ಎಂದಳು.