ಚಂದ್ರಿಕೆ ಕೊಡದ ರೇವಮ್ಮ

ನಮ್ಮೂರಲ್ಲಿ ರೇವಮ್ಮನವರನ್ನು ಶಾಂತಿ ಸಂಘದ ರೇವಮ್ಮ ಎನ್ನುತ್ತಾರೆ. ಆ ಹೆಸರು ಕೇಳಿಕೊಂಡು ಕನಕಪುರದಿಂದಲೋ ರಾಮನಗರದಿಂದಲೋ ನೋಡಲು ಬಂದವರಿಗೆ ಮೊದಲು ಸ್ವಲ್ಪ ಗಾಬರಿಯಾಗುತ್ತದೆ. ಅವರ ದನಿ ಗಡಸು, ನಗು ಅಪರೂಪ. ಯಾರು ಯಾವಾಗ ಏನು ಅಂದರು ಎಂಬುದು ಅವರಿಗೆ ಮರೆಯುವುದಿಲ್ಲ. ಮರೆಯಬೇಕೆಂದು ಅವರು ಪ್ರಯತ್ನವನ್ನೂ ಮಾಡುವುದಿಲ್ಲ. ಶಾಂತಿ ಅವರಿಗೆ ಹುಟ್ಟಿನಿಂದ ಬಂದ ಗುಣವಲ್ಲ. ಅದು ಹೇಗೆ ಬಂತು, ಎಷ್ಟು ಬಂತು ಎಂಬುದನ್ನು ಊರವರಿಂದ ಕೇಳಿ ತಿಳಿದಷ್ಟು ಬರೆದಿದ್ದೇನೆ.

ರೇವಮ್ಮ ಮಾಗಡಿ ಕಡೆಯವರು. ಅವರ ತವರಿನಲ್ಲಿ ರಾಗಿ, ಅವರೆ ಬಿಟ್ಟರೆ ಬೇರೆ ಬೆಳೆ ಇರಲಿಲ್ಲ. ಮದುವೆಯಾಗಿ, ಹಾರೋಹಳ್ಳಿಗೂ ಕನಕಪುರಕ್ಕೂ ನಡುವೆ ಇರುವ ನಮ್ಮೂರಿಗೆ ಬಂದಾಗ ಅವರು ರೇಷ್ಮೆ ಹುಳುವನ್ನೇ ಕಂಡಿರಲಿಲ್ಲ. ಗಂಡ ಗವಿಸಿದ್ದಯ್ಯನವರು ಅಂಗಡಿ ನೋಡಿಕೊಳ್ಳುತ್ತಿದ್ದರು. ಹುಳುಮನೆ ಸೊಸೆಯ ಪಾಲಿಗೆ ಬಂತು. ಮುಟ್ಟಲು ಹೆದರಿ ಬಾಗಿಲಲ್ಲೇ ನಿಂತಿದ್ದ ಆ ಹೊಸ ಸೊಸೆಯ ಅಂಗೈಗೆ ಮೊದಲ ಹುಳುವನ್ನು ಇಟ್ಟವರು ನಜೀರ್ ಸಾಬರು. ಕಚ್ಚುವುದಿಲ್ಲ ತಾಯಿ, ಅದಕ್ಕೆ ಸೊಪ್ಪು ಬಿಟ್ಟು ಬೇರೆ ಏನೂ ರುಚಿಸುವುದಿಲ್ಲ ಎಂದರಂತೆ.

ನಜೀರ್ ಸಾಬರದು ಚಂದ್ರಿಕೆ ಬಾಡಿಗೆಗೆ ಕೊಡುವ ಕೆಲಸ. ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ತಟ್ಟಿ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ಹೆಣೆದಿರುತ್ತಾರೆ. ಹುಳು ಹಣ್ಣಾಗಿ ಮೇವು ಬಿಟ್ಟ ದಿನ ಅದನ್ನು ಆರಿಸಿ ಆ ಸುರುಳಿಯ ಸಂದಿಗೆ ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತದೆ. ಆ ದಿನ ತಪ್ಪಿದರೆ ಹುಳು ಕಾಯುವುದಿಲ್ಲ. ಸೊಪ್ಪಿನ ಮೇಲೆ, ಗೋಡೆಯ ಮೇಲೆ, ಒಂದರ ಮೇಲೊಂದು ಬಿದ್ದು ತನ್ನ ನೂಲನ್ನೆಲ್ಲ ಕಾರಿ ಮುಗಿಸುತ್ತದೆ. ಅಂಥ ಗೂಡನ್ನು ಮಾರ್ಕೆಟ್ಟಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆದ್ದರಿಂದ ಹಣ್ಣು ಆಯುವ ದಿನ ಒಬ್ಬರ ಮನೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗಿ ದುಡಿಯುತ್ತಾರೆ. ಲಿಂಗವಂತರ ಬೀದಿ, ಒಕ್ಕಲಿಗರ ಬೀದಿ, ಸಾಬರ ಬೀದಿ ಎಂಬುದು ಆವತ್ತು ಇರುವುದಿಲ್ಲ. ಚಂದ್ರಿಕೆಯಂತೂ ಎಲ್ಲರಿಗೂ ನಜೀರ್ ಸಾಬರದೇ.

ಎರಡು ಸಾವಿರದ ಐದು, ಆರರ ಸುಮಾರಿಗೆ ಹಾರೋಹಳ್ಳಿಯ ಕಾರ್ಖಾನೆಗಳು ಹೆಚ್ಚುತ್ತಾ ಬಂದು ನಮ್ಮೂರ ಗೋಮಾಳದ ಮೇಲೆ ಕಣ್ಣು ಬಿತ್ತು. ನಮ್ಮಲ್ಲಿ ಗೋಮಾಳ ಮತ್ತು ಖಬರಸ್ತಾನ ಅಕ್ಕಪಕ್ಕದಲ್ಲಿವೆ, ನಡುವೆ ಕತ್ತಾಳೆ ಬೇಲಿ. ಹೊಸ ಕಾರ್ಖಾನೆಗೆ ರಸ್ತೆ ಬಿಡಬೇಕಾದರೆ ಎರಡೂ ಹೋಗಬೇಕಿತ್ತು. ಇವತ್ತಿಗೂ ಅವು ಇದ್ದ ಹಾಗೇ ಇವೆ, ಆದರೆ ಆಗ ಉಳಿಯುತ್ತವೆಂದು ಯಾರಿಗೂ ನಂಬಿಕೆ ಇರಲಿಲ್ಲ. ಜಾಗ ಬಿಡಿಸಿಕೊಡುತ್ತೇನೆಂದು ದಳ್ಳಾಳಿಯಾಗಿ ನಿಂತವನು ಶಂಭುಲಿಂಗ. ಅವನು ರೇವಮ್ಮನವರ ಸ್ವಂತ ಮೈದುನ. ಅಣ್ಣತಮ್ಮಂದಿರ ಎರಡು ಮನೆಗೆ ಒಂದೇ ಗೋಡೆ.

ಸಾಬರು ಅಡ್ಡ ಬಂದದ್ದರಿಂದಲೇ ನಮ್ಮ ಹುಡುಗರಿಗೆ ಫ್ಯಾಕ್ಟರಿ ಕೆಲಸ ತಪ್ಪುತ್ತಿದೆ ಎಂದು ಶಂಭುಲಿಂಗ ನಮ್ಮ ಬೀದಿಯಲ್ಲಿ ಹೇಳಿದ. ಬೇರೆ ಬೀದಿಗಳವರು ನಿಮ್ಮ ಗೋರಿಗಳನ್ನು ಸಮ ಮಾಡಿಸಲು ಒಪ್ಪಿಕೊಂಡಿದ್ದಾರೆ ಎಂದು ಸಾಬರ ಬೀದಿಯಲ್ಲಿ ಹೇಳಿದ. ಎರಡು ಮಾತೂ ಒಂದೇ ಬಾಯಿಯದು ಎಂದು ಕಂಡುಹಿಡಿದವರು ರೇವಮ್ಮ ಮತ್ತು ನಜೀರ್ ಸಾಬರ ಹೆಂಡತಿ ಅಕ್ಬರಿ ಬೇಗಂ. ಇಬ್ಬರೂ ಗೂಡು ಬಿಡಿಸುತ್ತಾ ಕೂತು ಒಬ್ಬರ ಮೇಲೊಬ್ಬರು ಮುನಿಸಿಕೊಂಡೇ ಮಾತಾಡುತ್ತಿದ್ದಾಗ ಅದು ಹೊರಗೆ ಬಂತು.

ಸಂಘ ಹುಟ್ಟಿದ್ದು ಹಾಗೆ. ಸೋಮವಾರವೂ ಶುಕ್ರವಾರವೂ ಎಲ್ಲ ಬೀದಿಯವರು ಕತ್ತಾಳೆ ಬೇಲಿಯ ಪಕ್ಕ ಹೋಗಿ ಸುಮ್ಮನೆ ಕೂರುವುದು. ಕೈ ಎತ್ತುವಂತಿಲ್ಲ, ಬೈಯುವಂತಿಲ್ಲ. ಮಣ್ಣು ತೂರಿ ಶಾಪ ಹಾಕುವಂತೆಯೂ ಇಲ್ಲ ಎಂದು ಅಕ್ಬರಿ ಬೇಗಂ ಸೇರಿಸಿದಾಗ ರೇವಮ್ಮ ಬಹಳ ಹೊತ್ತು ವಾದ ಮಾಡಿದರಂತೆ. ಅಷ್ಟೂ ಬೇಡ ಅಂದರೆ ಹೆಂಗಸರು ಅಲ್ಲಿಗೆ ಹೋಗುವುದು ಯಾತಕ್ಕೆ ಎಂದು ಕೇಳಿದರಂತೆ. ಹುಳು ಬೇಯಿಸೋ ಊರಿನವರು ಅಹಿಂಸೆ ಮಾಡ್ತಾರಂತೆ ಎಂದು ಪಡ್ಡೆ ಹುಡುಗರು ನಗುತ್ತಿದ್ದರು. ಆದರೆ ಅಳತೆ ಮಾಡಲು ಬಂದವರು ಕೂತ ಜನರನ್ನು ದಾಟಲಾರದೆ ಎರಡು ಸಲ ಹಿಂದಕ್ಕೆ ಹೋದರು.

ಆಮೇಲೆ ನಜೀರ್ ಸಾಬರು ಚಂದ್ರಿಕೆ ಜೋಡಿಸಿಡುತ್ತಿದ್ದ ಕೊಟ್ಟಿಗೆಗೆ ಬೆಂಕಿ ಬಿತ್ತು. ಹಾಡಹಗಲು, ಶುಕ್ರವಾರದ ನಮಾಜಿನ ಹೊತ್ತು. ಹೊಗೆ ಕಂಡು ಓಡಿಬಂದ ನಜೀರ್ ಸಾಬರನ್ನು ಬಾಗಿಲಲ್ಲೇ ತಡೆದು ದೊಣ್ಣೆಯಲ್ಲಿ ಹೊಡೆದರು. ಬಲಗಾಲು ಮೊಣಕಾಲಿನ ಕೆಳಗೆ ಮುರಿಯಿತು. ಹೊಡೆದವರು ಹೊರಗಿನ ಹುಡುಗರು. ಅವರನ್ನು ತುಂಬಿಕೊಂಡು ಬಂದ ಟೆಂಪೋದ ಪಕ್ಕದಲ್ಲಿ ಶಂಭುಲಿಂಗ ನಿಂತದ್ದನ್ನು ರೇವಮ್ಮ ಕಣ್ಣಾರೆ ಕಂಡರು. ಠಾಣೆಗೆ ಹೋಗಿ ಹೇಳಿದರು. ಅಣ್ಣತಮ್ಮಂದಿರ ಪಾಲಿನ ಜಗಳವನ್ನು ಇಲ್ಲಿಗೆ ತರಬೇಡಿ ಎಂದು ಅಲ್ಲಿದ್ದವರು ಬರೆದುಕೊಳ್ಳಲಿಲ್ಲ.

ಎರಡು ದಿನ ಕಳೆದು ಶಂಭುಲಿಂಗ ಅರಳಿಕಟ್ಟೆಯ ಮೇಲೆ ಕೂತು, ನಜೀರ್ ಸಾಬರು ಸೇದಿ ಬಿಸಾಡಿದ ಬೀಡಿಯಿಂದಲೇ ಕೊಟ್ಟಿಗೆ ಹತ್ತಿಕೊಂಡಿತು, ಓಡುವಾಗ ಬಿದ್ದು ಕಾಲು ಮುರಿಯಿತು ಎಂದ. ಊರಿಗೆಲ್ಲ ಅದು ಸುಳ್ಳೆಂದು ಗೊತ್ತು. ಹೊಗೆಸೊಪ್ಪಿನ ವಾಸನೆ ಹುಳುವಿಗೆ ವಿಷ. ಮನೆಮನೆಯ ಹುಳುವಿಗೆ ಚಂದ್ರಿಕೆ ಕೊಡುವ ನಜೀರ್ ಸಾಬರು ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಸೇದಿ ಬಂದವರಿಗೆ ಕೈ ತೊಳೆಸದೆ ಚಂದ್ರಿಕೆ ಕೊಡುತ್ತಿರಲಿಲ್ಲ. ಗೊತ್ತಿದ್ದರೂ ಕಟ್ಟೆಯ ಮೇಲೆ ಯಾರೂ ಬಾಯಿ ಬಿಡಲಿಲ್ಲ. ಮೂಳೆ ಮುರಿದದ್ದಕ್ಕಿಂತ ಆ ಬೀಡಿಯ ಮಾತು ನಜೀರ್ ಸಾಬರನ್ನು ಕುಗ್ಗಿಸಿತು.

ಆ ದಿನದಿಂದ ರೇವಮ್ಮನವರ ಎದೆಯಲ್ಲಿ ಸೇಡು ಬಿಟ್ಟರೆ ಬೇರೆ ಯೋಚನೆ ಇರಲಿಲ್ಲ. ಗೋಡೆಯ ಆಚೆ ಶಂಭುಲಿಂಗನ ಹೆಂಡತಿ ಸರ್ವಮಂಗಳ ಅವರ ಹುಳು ನಾಲ್ಕನೇ ಜ್ವರ ಎದ್ದಿತ್ತು. ಹುಳು ಪೊರೆ ಬಿಡುವ ಮುಂಚೆ ಮಂಕಾಗಿ ಕೂರುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದರೆ ಒಂದು ವಾರದ ಭಾರಿ ಮೇವು, ಆಮೇಲೆ ಹಣ್ಣು. ಅವು ಸೊಪ್ಪು ತಿನ್ನುವ ಸದ್ದು ಗೋಡೆಯ ಈಚೆಗೂ ಕೇಳುತ್ತಿತ್ತು. ಕೇಳಿ ಕೇಳಿ ರೇವಮ್ಮ ಒಂದು ಮಧ್ಯಾಹ್ನ ಗಂಡನ ಅಂಗಡಿಯಿಂದ ಹೊಗೆಸೊಪ್ಪು ತಂದು ಚೊಂಬಿನ ನೀರಿನಲ್ಲಿ ನೆನೆಹಾಕಿದರು. ಹುಳುಮನೆಯ ಕಿಟಕಿಯಿಂದ ಎರಡು ಸಲ ಚಿಮುಕಿಸಿದರೆ ಸಾಕಾಗಿತ್ತು. ಅದಕ್ಕೆ ಮುಂಚೆ, ಕೇಳಿ ಸಂತೋಷಪಡಲಿ ಎಂದು ಅಕ್ಬರಿ ಬೇಗಂಗೆ ವಿಷಯ ತಿಳಿಸಲು ಹೋದರು.

ಅಕ್ಬರಿ ಬೇಗಂ ಗಂಡನ ಮಂಚದ ಪಕ್ಕ ಕೂತಿದ್ದರು. ಎಲ್ಲವನ್ನೂ ಕೇಳಿದರು. ಬೆಚ್ಚಿಬೀಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ.

“ನಂಗೂ ಮೊದ್ಲು ಅದೇ ಆಸೆ ಬಂತು ರೇವಮ್ಮ. ಆದ್ರೆ ಹುಳ ಸತ್ರೆ ಅವ್ನೇನ್ ಮಾಡ್ತಾನೆ? ಅಳ್ತಾನೆ. ಊರೆಲ್ಲ ಅಯ್ಯೋ ಪಾಪ ಅಂತದೆ. ಅವ್ನ ಅಳು ತಕಂಡು ನಾನೇನ್ ಮಾಡ್ಲಿ? ನಮ್ಮನೇರು ಬೀಡಿ ಸೇದುದ್ರು ಅಂತ ಕಟ್ಟೆ ಮ್ಯಾಲೆ ಅಂದ್ನಲ್ಲ, ಅದೇ ಕಟ್ಟೆ ಮ್ಯಾಲೆ ಸುಳ್ಳು ಅಂತ ಅನ್ಬೇಕು. ನಂಗೆ ಅದೊಂದು ಬೇಕು.”

“ಅವ್ನು ಅನ್ನಲ್ಲ ಕಣಕ್ಕ.”

“ಅನ್ನೋಗಂಟ ಬುಡಬ್ಯಾಡ.”

ರೇವಮ್ಮ ಮನೆಗೆ ಬಂದು ಚೊಂಬಿನ ನೀರನ್ನು ಚರಂಡಿಗೆ ಚೆಲ್ಲಿದರು. ಹಗೆ ಕಡಿಮೆಯಾಗಿ ಚೆಲ್ಲಿದ್ದಲ್ಲ. ತಾನು ಕೇಳಹೊರಟಿದ್ದು ತೀರಾ ಸಣ್ಣದು ಎನ್ನಿಸಿ ಚೆಲ್ಲಿದ್ದು.

ಕೊಟ್ಟಿಗೆಗೆ ಬೆಂಕಿ ಬಿದ್ದಾಗ ನಜೀರ್ ಸಾಬರ ಚಂದ್ರಿಕೆಗಳಲ್ಲಿ ಒಂದು ಅಟ್ಟಿ ಮಾತ್ರ ಉಳಿದಿತ್ತು, ರೇವಮ್ಮನವರ ಮನೆಯಲ್ಲಿ. ಅವರ ಹುಳು ಮೊದಲೇ ಹಣ್ಣಾಗಿ ಚಂದ್ರಿಕೆ ಏರಿತ್ತು. ಗೂಡು ಬಿಡಿಸಿ ಮಾರಿದ ಮೇಲೆ ಆ ಚಂದ್ರಿಕೆಗಳನ್ನು ಜಗಲಿಯ ಗೋಡೆಗೆ ಒರಗಿಸಿ ಇಟ್ಟಿದ್ದರು. ಶಂಭುಲಿಂಗ ದಳ್ಳಾಳಿಯಾದ ಮೇಲೆ ಹುಳುಮನೆಯ ಕಡೆ ತಲೆ ಹಾಕಿರಲಿಲ್ಲ. ಕೊಟ್ಟಿಗೆ ಸುಡಿಸುವಾಗ, ತನ್ನ ಹೆಂಡತಿಯ ಹುಳುವೂ ನಾಳೆ ಅದೇ ಚಂದ್ರಿಕೆ ಏರಬೇಕು ಎಂಬುದು ಅವನ ತಲೆಗೆ ಹೋಗಲಿಲ್ಲ. ಹೆಂಡತಿ ನೆನಪಿಸಿದಾಗಲೂ, ಅತ್ತಿಗೆ ಮನೆಯಲ್ಲಿ ಇವೆಯಲ್ಲ ಎಂದು ಸುಮ್ಮನಾದ.

ಹುಳು ಹಣ್ಣಾದ ಬೆಳಗ್ಗೆ ಸರ್ವಮಂಗಳ ಅವರು ಸೆರಗು ಸಿಕ್ಕಿಸಿಕೊಂಡು ಓಡಿ ಬಂದರು.

“ಅಕ್ಕ, ಎಲ್ಲಾ ಒಂದೇ ಸಲ ಹಣ್ಣಾಗೋಗವೆ. ಚಂದ್ರಿಕೆ ಎತ್ಕತೀನಿ.”

“ಅವು ನಮ್ಮವಲ್ಲ ಕಣವ್ವ, ನಜೀರ್ ಸಾಬ್ರವು. ನಿನ್ ಗಂಡ ಹೋಗಿ ಅವ್ರನ್ನ ಕೇಳ್ಕಂಬರ್ಲಿ” ಎಂದು ರೇವಮ್ಮ ಚಂದ್ರಿಕೆಯ ಅಟ್ಟಿಯ ಮುಂದೆ ಕಾಲು ನೀಡಿ ಕೂತುಬಿಟ್ಟರು.

ಸುದ್ದಿ ಕೇಳಿ ಗವಿಸಿದ್ದಯ್ಯನವರು ಅಂಗಡಿಯನ್ನು ಹಾಗೇ ಬಿಟ್ಟು ಬಂದರು. ಅವರು ಮೆತ್ತಗಿನ ಮನುಷ್ಯ. ನಮ್ಮವನೇ ಅಲ್ಲವೇ ಎಂದು ಹೆಂಡತಿಯ ಎದುರು ಕೈ ಮುಗಿಯುವಂತೆ ಹೇಳಿದರು.

“ನಮ್ಮೋನು ಅಂತ್ಲೇ ಕೂತಿರೋದು. ಬ್ಯಾರೆ ಯಾರಾದ್ರೂ ಆಗಿದ್ರೆ ಅವ್ರ ಅತ್ಗೆ ಕೂತ್ಕಳೋಳು” ಎಂದರು ರೇವಮ್ಮ.

ಶಂಭುಲಿಂಗ ಮೊಬೈಲಿನಲ್ಲಿ ಎಲ್ಲೆಲ್ಲಿಗೋ ಫೋನು ಮಾಡಿದ. ಬೈಕು ಹತ್ತಿ ದೊಡ್ಡಆಲಹಳ್ಳಿಯ ಕಡೆಗೂ ಹೋಗಿಬಂದ. ಸುತ್ತಲೂ ಹುಳು ಹಣ್ಣಾಗುವ ಕಾಲವೇ ಅದು, ಎಲ್ಲೂ ಚಂದ್ರಿಕೆ ಬಿಡುವಿರಲಿಲ್ಲ. ಸರ್ವಮಂಗಳ ಅವರು ತೆಂಗಿನ ಗರಿ, ಒಣ ಕಡ್ಡಿ, ಸಿಕ್ಕಿದ್ದನ್ನೆಲ್ಲ ಹರಡಿ ಒಬ್ಬರೇ ಹುಳು ಬಿಡುತ್ತಿದ್ದರು. ಮುಯ್ಯಾಳಿಗೆ ಯಾರೂ ಹೋಗಲಿಲ್ಲ. ಎಲ್ಲ ಬೀದಿಯ ಹೆಂಗಸರೂ ಒಬ್ಬೊಬ್ಬರಾಗಿ ಬಂದು ರೇವಮ್ಮನವರ ಜಗಲಿಯ ಮೇಲೆ ಕೂತರು. ಅಕ್ಬರಿ ಬೇಗಂ ಕೂಡ ಬಂದರು. ತಪ್ಪು ಮಾಡದವಳ ಬೆಳೆ ತನ್ನಿಂದ ಹಾಳಾಗುತ್ತಿದೆ ಎಂದು ರೇವಮ್ಮನವರಿಗೆ ತಿಳಿಯದೆ ಇರಲಿಲ್ಲ. ಸರ್ವಮಂಗಳ ಕಣ್ಣಿಗೆ ಬಿದ್ದಾಗಲೆಲ್ಲ ಅವರು ಮುಖವನ್ನು ಆ ಕಡೆ ತಿರುಗಿಸಿಕೊಂಡರಂತೆ. ಎದ್ದು ಮಾತ್ರ ಹೋಗಲಿಲ್ಲ.

ಬಿಸಿಲು ನೆತ್ತಿಗೆ ಬಂದಾಗ ಹುಳು ಗೋಡೆ ಹತ್ತತೊಡಗಿತು. ಶಂಭುಲಿಂಗ ನುಗ್ಗಿ ಬಂದು ಒಂದು ಚಂದ್ರಿಕೆಗೆ ಕೈ ಹಾಕಿ ಎಳೆದ. ರೇವಮ್ಮ ಅವನ ಕೈ ಹಿಡಿಯಲಿಲ್ಲ, ಕೂತಲ್ಲಿಂದ ಕದಲಲೂ ಇಲ್ಲ.

“ಎಳ್ಕಳಪ್ಪ. ನನ್ ಮೈ ಮ್ಯಾಲೇ ಎಳ್ಕಂಡೋಗು. ಸಾಬ್ರ ಕಾಲ್ ಮುರ್ದಾಗ ಯಾರೂ ನೋಡ್ಲಿಲ್ಲ. ಅತ್ಗೆ ಕಾಲಾದ್ರೂ ನೋಡ್ಲಿ.”

ಅವನು ಕೈ ಬಿಟ್ಟ. ಅಷ್ಟರಲ್ಲಿ ಸರ್ವಮಂಗಳ ಅವರು ಹೊರಗೆ ಬಂದರು. ಬೆಳಗಿನಿಂದ ನೀರನ್ನೂ ಕುಡಿದಿರಲಿಲ್ಲ. ರೇವಮ್ಮನವರ ಕಡೆ ನೋಡದೆ ನೇರವಾಗಿ ಗಂಡನ ಎದುರು ನಿಂತರು.

“ಹೋಗಿ ಹೇಳ್ಬುಟ್ ಬನ್ನಿ. ಟೆಂಪೋ ಯಾರ್ ಕರ್ಕಂಬಂದ್ರು ಅಂತ ನಾನೂ ನೋಡಿಲ್ವಾ? ಅಕ್ಕ ಒಬ್ರೇ ನೋಡಿರೋದಾ?”

ಶಂಭುಲಿಂಗ ಹೆಂಡತಿಯನ್ನು ಹೊಡೆಯುತ್ತಾನೆ ಎಂದೇ ಎಲ್ಲರೂ ತಿಳಿದರು. ಅವನು ಸಾಬರ ಬೀದಿಯ ಕಡೆ ನಡೆದ. ಇಬ್ಬರು ಹೆಂಗಸರನ್ನು ಚಂದ್ರಿಕೆಗೆ ಕಾವಲು ಕೂರಿಸಿ ರೇವಮ್ಮ ಅವನ ಹಿಂದೆ ಹೋದರು. ಮಿಕ್ಕವರು ಅವರ ಹಿಂದೆ.

ಶಂಭುಲಿಂಗ ನಜೀರ್ ಸಾಬರ ಮಂಚದ ಹತ್ತಿರ ಬಗ್ಗಿ ಬಾಯೊಳಗೇ ಏನೋ ಹೇಳಿದ. ನಜೀರ್ ಸಾಬರು ಹೆಂಡತಿಯ ಮುಖ ನೋಡಿದರು.

“ಇಲ್ಲಲ್ಲಪ್ಪ, ಕಟ್ಟೆ ಮ್ಯಾಲೆ” ಎಂದರು ಅಕ್ಬರಿ ಬೇಗಂ.

ಕಟ್ಟೆಯ ಮೇಲೆ ಅವನು ನೆಲ ನೋಡಿಕೊಂಡು ಹೇಳಿದ. ಕೇಳಿಸಲಿಲ್ಲ ಎಂದು ಹಿಂದಿನಿಂದ ಯಾರೋ ಅಂದರು. ಅಕ್ಬರಿ ಬೇಗಂ ಇನ್ನೊಂದು ಸಲ ಹೇಳಿಸಿದರು.

“ಬೀಡಿ ಸುಳ್ಳು. ಸಾಬ್ರು ಸೇದಲ್ಲ. ಹುಡುಗ್ರುನ್ನ ಕರ್ಸಿದ್ದು ನಾನೇ.”

ಬೀಡಿಯ ಮಾತು ಕೇಳಿ ಸುಮ್ಮನಿದ್ದವರೇ ಅಲ್ಲಿ ಹೆಚ್ಚಾಗಿದ್ದರು. ಅವರೂ ನೆಲ ನೋಡುತ್ತಿದ್ದರು.

ಚಂದ್ರಿಕೆಗಳು ಗೋಡೆಯ ಆಚೆಗೆ ಹೋದವು. ಜಗಲಿಯ ಮೇಲಿದ್ದ ಹೆಂಗಸರೆಲ್ಲ ಹುಳುಮನೆಗೆ ನುಗ್ಗಿ ಸಂಜೆಯವರೆಗೆ ಹಣ್ಣು ಆಯ್ದರು. ಅರ್ಧ ಬೆಳೆ ಕೈಗೆ ಬಂತು, ಅರ್ಧ ಹೋಯಿತು. ಅಕ್ಬರಿ ಬೇಗಂ ಬಾಗಿಲಲ್ಲಿ ನಿಂತು, ಮೆಲ್ಲಗೆ ಹಿಡೀರಿ, ನಮಗೆ ಉಳಿದಿರುವುದು ಇಷ್ಟೇ ಎಂದು ಒಂದೊಂದು ಚಂದ್ರಿಕೆಗೂ ಹೇಳುತ್ತಿದ್ದರು. ರೇವಮ್ಮ ಮಾತ್ರ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಒಂದು ಹುಳುವನ್ನೂ ಮುಟ್ಟಲಿಲ್ಲ.

ಆಯಿತಲ್ಲ, ಇನ್ನಾದರೂ ಬಿಟ್ಟುಬಿಡು ಎಂದು ಗವಿಸಿದ್ದಯ್ಯನವರು ಊಟಕ್ಕೆ ಕೂತಾಗ ಅಂದರು. ಕಟ್ಟೆಯ ಮೇಲೆ ಆಡಿದ ಮಾತು ಗಾಳಿಗೆ ಹೋಗುತ್ತದೆ, ಠಾಣೆಯಲ್ಲಿ ಬರೆಸಿದರೆ ಮಾತ್ರ ಉಳಿಯುತ್ತದೆ ಎಂದು ರೇವಮ್ಮ ಇನ್ನೊಂದು ಮುದ್ದೆ ಹಾಕಿದರು. ತಮ್ಮನಿಗೆ ಜೈಲಾಗುತ್ತದೆ ಎಂದು ಗವಿಸಿದ್ದಯ್ಯನವರು ಅಂದಾಗ, ಆಗಲಿ ಎಂದೇ ಅಲ್ಲವೇ ಹೋಗುವುದು ಎಂದರಂತೆ.

ಮಾರನೆಯ ಬೆಳಗ್ಗೆ ಕನಕಪುರದ ಬಸ್ಸಿನಲ್ಲಿ ಮುಂದಿನ ಮೂರು ಜನರ ಸೀಟಿನಲ್ಲಿ ರೇವಮ್ಮ ಒಂದು ಕಡೆ, ಅಕ್ಬರಿ ಬೇಗಂ ಇನ್ನೊಂದು ಕಡೆ, ನಡುವೆ ಶಂಭುಲಿಂಗ ಕೂತಿದ್ದರು. ಊರೆಲ್ಲರ ಎದುರು ಒಪ್ಪಿಕೊಂಡ ಮೇಲೆ ಬರುವುದಿಲ್ಲ ಎನ್ನಲು ಅವನಿಗೆ ಬಾಯಿರಲಿಲ್ಲ. ಆದರೂ ನಡುವಿನ ಸ್ಟಾಪಿನಲ್ಲಿ ಅವನು ಇಳಿದುಹೋಗಬಾರದು ಎಂದು ಹಾಗೆ ಕೂರಿಸಿಕೊಂಡಿದ್ದರು. ಕಂಡಕ್ಟರ್ ಬಂದು, ಇದು ಲೇಡೀಸ್ ಸೀಟು, ಏಳಿ ಸ್ವಾಮಿ ಎಂದ. ಶಂಭುಲಿಂಗ ಅದನ್ನೇ ಕಾಯುತ್ತಿದ್ದವನಂತೆ ಏಳಲು ಹೋದ. ರೇವಮ್ಮ ಅವನ ಅಂಗಿಯ ತುದಿ ಹಿಡಿದು ಕೂರಿಸಿದರು.

“ಇವ್ನು ಪ್ಯಾಸೆಂಜರಲ್ಲ ಕಣಪ್ಪ, ನಮ್ ಲಗೇಜು. ಠಾಣೆ ಹತ್ರ ಇಳಿಸ್ಕತೀವಿ. ಇದ್ಕೂ ಒಂದು ಟಿಕೆಟ್ ಹರಿ.”